ಗಂಟು ಬಿಚ್ಚುವ ಹೊತ್ತು

ನಾನು ಹಾಕಿದ ಗಂಟನ್ನು ನಮ್ಮ ಮನೆಯಲ್ಲಿ ಯಾರೂ ಬಿಚ್ಚುವ ಗೋಜಿಗೆ ಹೋಗುವುದಿಲ್ಲ. ಸೀದಾ ಕತ್ತರಿ ಹುಡುಕುತ್ತಾರೆ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆಯಾಗಲಿ, ಬೀಗರ ಮನೆಗೆ ಕಳಿಸಿದ ಹುರಿಟ್ಟಿನ ಪೊಟ್ಟಣವಾಗಲಿ, ಎಲ್ಲಕ್ಕೂ ಒಂದೇ ಗತಿ. ಮೊನ್ನೆ ಮೊಮ್ಮಗಳು ಶಾಲೆಯಿಂದ ಬಂದವಳು ಬೂಟು ಬಿಚ್ಚಲಾರದೆ ಹೊಸ್ತಿಲ ಮೇಲೆ ಕುಳಿತು ಕಾಲು ಬಡಿಯುತ್ತಿದ್ದಳು. "ಬೆಳಿಗ್ಗೆ ಲೇಸ್ ಕಟ್ಟಿದ್ದು ಅಜ್ಜಿ!" ಎಂದು ದೂರು ಬೇರೆ. ನನ್ನ ಮಗಳು ಕತ್ತರಿ ಹಿಡಿದು ಬಂದು, "ಅಮ್ಮ, ಇದು ಬೂಟಿನ ದಾರ, ಹೊಕ್ಕುಳಬಳ್ಳಿ ಅಲ್ಲ" ಎಂದು ನಕ್ಕಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಮಂಚದ ಮೇಲೆ ಸುಮ್ಮನೆ ಕುಳಿತೆ. ಮಗಳು ತಮಾಷೆಗೆ ಆಡಿದ ಮಾತು ನನ್ನನ್ನು ಎತ್ತಿಕೊಂಡು ಹೋಗಿ ಆದಿವಾಲದ ಕಡೆಯ ಒಂದು ಹಟ್ಟಿಯ ಅಂಗಳದಲ್ಲಿ ಇಳಿಸಿಬಿಟ್ಟಿತ್ತು.

ಗಂಟು ನಮ್ಮ ಮನೆತನಕ್ಕೆ ಬಂದ ಕಸುಬು ಎಂದರೂ ನಡೆಯುತ್ತದೆ. ಹೊಸದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಕಂಬಳಿ ನೇಯುತ್ತಿದ್ದ, ಅವ್ವ ಉಣ್ಣೆ ನೂಲುತ್ತಿದ್ದಳು. ಕುರಿಯ ಉಣ್ಣೆಯ ನೂಲಿಗೆ ತಾಳ್ಮೆ ಕಡಿಮೆ. ಮಗ್ಗದ ಮೇಲೆ ಎಳೆದ ಕೂಡಲೇ ಪಟ್ಟನೆ ಹರಿಯುತ್ತದೆ. ಹರಿದ ಎಳೆಯ ಎರಡು ತುದಿ ಹುಡುಕಿ ಗಂಟು ಹಾಕುವುದು ಮಕ್ಕಳ ಕೆಲಸ. ಅಂಗಳದಲ್ಲಿ ಬೇರೆ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ ಕುಡಿಯುತ್ತ ಮಗ್ಗದ ಕೆಳಗೆ ಕೂತಿರುತ್ತಿದ್ದೆ. "ಗಂಟು ಕಣ್ಣಿಗೆ ಕಾಣಬಾರ್ದು, ಎಳುದ್ರೆ ಬಿಚ್ಚಬಾರ್ದು" ಎಂದಷ್ಟೇ ಅಪ್ಪ ಹೇಳುತ್ತಿದ್ದ. ಅವನ ಶಾಲೆಯಲ್ಲಿ ಪಾಠವೂ ಅದೇ, ಪರೀಕ್ಷೆಯೂ ಅದೇ. ನಾನು ಹಾಕಿದ ಗಂಟನ್ನು ಎಳೆದು ನೋಡಿ ಮುಂದೆ ಹೋದನೆಂದರೆ ಪಾಸಾದ ಹಾಗೆ.

ಇಂಥ ಮನೆಯ ಹುಡುಗಿ ಚಿತ್ರದುರ್ಗದಲ್ಲಿ ಪಿ.ಯು.ಸಿ. ಮುಗಿಸಿ, ನರ್ಸಿಂಗು ಮತ್ತು ಹೆರಿಗೆ ಶುಶ್ರೂಷೆ ಎರಡನ್ನೂ ಸೇರಿಸಿ ಕಲಿಸುವ ವಿಶ್ವವಿದ್ಯಾಲಯದ ಡಿಗ್ರಿಗೆ ಸೇರಿದಳು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಊರಲ್ಲಿ ಇದನ್ನು ವಿವರಿಸುವುದೇ ಅಪ್ಪನಿಗೆ ದೊಡ್ಡ ಕಷ್ಟವಾಯಿತು. "ಮಗಳು ಏನು ಓದ್ತಾಳೆ?" ಎಂದು ಯಾರಾದರೂ ಕೇಳಿದರೆ, "ಡಾಕ್ಟ್ರಿಗಿಂತ ಒಂದು ಮೆಟ್ಲು ಕೆಳಗಂತೆ" ಎಂದು ಕೈಯಲ್ಲಿ ಮೆಟ್ಟಿಲು ತೋರಿಸುತ್ತಿದ್ದ. ಕೇಳಿದವರ ಮುಖ ನೋಡಿ ಮೆಟ್ಟಿಲು ಮೇಲೆ ಕೆಳಗೆ ಆಗುತ್ತಿತ್ತು. ನಮ್ಮ ಸೋದರತ್ತೆ ಮಾತ್ರ ನೇರವಾಗಿ, "ಸೂಲಗಿತ್ತಿ ಆಗಾಕೂ ಡಿಗ್ರಿ ಬೇಕೇನೆ? ನಮ್ಮತ್ತೆ ಯಾವ ಕಾಲೇಜಿಗೆ ಹೋಗಿದ್ಲು?" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಅವ್ವ ನಗಲಿಲ್ಲ. ಹೊರಡುವ ಮುಂಚೆ ನನ್ನನ್ನು ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋಗಿ, ಅಲ್ಲಿಯ ಕೊಳದ ಮುಂದೆ ಕೂರಿಸಿ, ಬಾಯಲ್ಲೇ ಏನೋ ಬೇಡಿಕೊಂಡು ನನ್ನ ಸೊಂಟಕ್ಕೆ ಒಂದು ಕರಿದಾರ ಕಟ್ಟಿದಳು. ಉಣ್ಣೆ ನೂತ ಕೈ ಅದು. ಸ್ನಾನಕ್ಕೂ ಬಿಚ್ಚುವ ಪ್ರಶ್ನೆ ಇರಲಿಲ್ಲ.

ಕಾಲೇಜಿನಲ್ಲಿ ನಮಗೆ ಹೆರಿಗೆಯ ಪಾಠ ಹೇಳುತ್ತಿದ್ದ ಸಿಸ್ಟರ್ ಟ್ಯೂಟರ್ ಮಂಗಳೂರಿನ ಕಡೆಯವರು. ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿ ಮಾಡಿದ ಹಾಗೆ ಇದ್ದರು. ಅವರು ವಾರ್ಡಿಗೆ ಬರುವ ಮೊದಲು ಅವರ ಬೂಟಿನ ಸದ್ದು ಬರುತ್ತಿತ್ತು. ಆ ಸದ್ದಿಗೇ ನಮ್ಮ ಬೆನ್ನು ನೆಟ್ಟಗಾಗುತ್ತಿತ್ತು. ಟೋಪಿಯಿಂದ ಒಂದೆಳೆ ಕೂದಲು ಹೊರಗೆ ಕಂಡರೆ ಆ ದಿನ ಹೆರಿಗೆ ಕೋಣೆಯ ಬಾಗಿಲು ನಮಗೆ ಮುಚ್ಚಿತೆಂದೇ ಲೆಕ್ಕ. ಅವರು ಕಲಿಸಿದ್ದರಲ್ಲಿ ನನಗೆ ಸುಲಭವಾಗಿದ್ದು ಗಂಟು ಒಂದೇ. ಮಂಚದ ಕಾಲಿಗೆ, ಕುರ್ಚಿಯ ಕೈಗೆ, ಒಬ್ಬರ ಬೆರಳಿಗೆ ಇನ್ನೊಬ್ಬರು, ಕಟ್ಟಿದ್ದೇ ಕಟ್ಟಿದ್ದು. ಸರಿಯಾಗಿ ಕೂರುವ ಗಂಟು ಯಾವುದು, ನೋಡಲು ಹಾಗೇ ಇದ್ದು ಜಾರುವ ಗಂಟು ಯಾವುದು ಎಂದು ಬೆರಳಿಗೆ ಗೊತ್ತಾಗಬೇಕು, ಕಣ್ಣಿಗಲ್ಲ. ಹೊಳಲ್ಕೆರೆಯ ನನ್ನ ಗೆಳತಿ ಗ್ರೇಸ್ ಕಟ್ಟಿದ್ದನ್ನು ಟ್ಯೂಟರ್ ಎತ್ತಿ ಹಿಡಿದು, "ಎಂತ ಮಾರಾಯ್ತಿ ಇದು, ಗಂಟೋ ಗೋಳಿಬಜೆಯೋ?" ಎಂದಿದ್ದರು. ನಾವು ನಗುವಷ್ಟರಲ್ಲಿ ಅವರ ದನಿ ಬದಲಾಯಿತು. "ಹೊಕ್ಕುಳಬಳ್ಳಿಯ ಗಂಟು ಜಾರಿದರೆ ಮಗು ಅಳುವುದಿಲ್ಲ. ಬಟ್ಟೆಯೊಳಗೆ ಬೆಚ್ಚಗೆ ಮಲಗಿದ ಹಾಗೇ ರಕ್ತ ಹರಿದು ಹೋಗುತ್ತದೆ. ತಾಯಿ ಮಗು ನಿದ್ದೆ ಮಾಡಿದೆ ಅಂದುಕೊಳ್ಳುತ್ತಾಳೆ." ಆಮೇಲೆ ನಮ್ಮಲ್ಲಿ ಯಾರೂ ನಗಲಿಲ್ಲ. ಆ ಮಾತು ನನ್ನ ಎದೆಯಲ್ಲಿ ಕೂತಿದ್ದು ಇನ್ನೂ ಎದ್ದಿಲ್ಲ.

ಕೊನೆಯ ವರ್ಷ ಹಳ್ಳಿಯ ಕೆಲಸ ಕಲಿಯಲೆಂದು ನಮ್ಮನ್ನು ಹಿರಿಯೂರಿನ ಕಡೆ ಹಾಕಿದರು. ಬಬ್ಬೂರಿನ ಕೃಷಿ ಫಾರಂ ಹತ್ತಿರ ಖಾಲಿಯಿದ್ದ ಒಂದು ಮನೆಯಲ್ಲಿ ವಾಸ. ಬೆಳಿಗ್ಗೆ ಫಾರಂಗೆ ಕೂಲಿಗೆ ಹೋಗುವ ಹೆಂಗಸರು ನಮ್ಮ ಗಂಜಿ ಹಾಕಿದ ಬಿಳಿ ಟೋಪಿ ನೋಡಿ, "ಏನ್ರವ್ವಾ, ತಲೆ ಮ್ಯಾಲೆ ಕೊಕ್ಕರೆ ಕುಂತೈತಲ್ಲ" ಎಂದು ರೇಗಿಸಿಕೊಂಡು ಹೋಗುತ್ತಿದ್ದರು. ಟ್ಯೂಟರ್ ನಮ್ಮನ್ನು ಜೀಪಿನಲ್ಲಿ ಇಬ್ಬಿಬ್ಬರಂತೆ ಹಳ್ಳಿಗಳ ದಾರಿಯಲ್ಲಿ ಇಳಿಸಿ, ಸಂಜೆ ಬಂದು ಹತ್ತಿಸಿಕೊಳ್ಳುವುದು ವಾಡಿಕೆ. ಬಸುರಿಯರನ್ನು ಪರೀಕ್ಷಿಸುವುದು, ಬಾಣಂತಿಯರಿಗೆ ಬುದ್ಧಿ ಹೇಳುವುದು ನಮ್ಮ ಕೆಲಸ. ಬುದ್ಧಿ ಹೇಳುವುದರಲ್ಲಿ ನಾವು ಭಾರಿ ಗಟ್ಟಿಗಿತ್ತಿಯರು. ಮದುವೆಯೇ ಆಗದ ಇಬ್ಬರು ಹುಡುಗಿಯರು ಮೊಲೆಯೂಡಿಸುವ ಬಗೆಯನ್ನು ವಿವರಿಸುತ್ತಿದ್ದರೆ, ಮಕ್ಕಳ ದಂಡನ್ನೇ ಸಾಕಿದ ಹೆಂಗಸರು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು.

ಆ ದಿನ ನಾನು, ಗ್ರೇಸ್ ಆದಿವಾಲದಿಂದ ಒಳಗೆ ಒಂದು ಹಟ್ಟಿಗೆ ಹೊರಟಿದ್ದೆವು. ಅಲ್ಲಿ ಕೆಂಚಮ್ಮ ಎಂಬವಳು ಹೆರಿಗೆಗೆ ತವರಿಗೆ ಬಂದಿದ್ದಾಳೆ, ನೋಡಿ ಬನ್ನಿ ಎಂದು ಟ್ಯೂಟರ್ ಹೇಳಿದ್ದರು. ಮಟಮಟ ಮಧ್ಯಾಹ್ನ. ಹಟ್ಟಿ ಹತ್ತಿರವಾದಂತೆ ನೋಟ ವಿಚಿತ್ರವಾಗುತ್ತ ಹೋಯಿತು. ಕರು ತಾಯಿಯ ಕೆಚ್ಚಲಿಗೆ ಬಾಯಿಟ್ಟು ನೊರೆ ಸುರಿಸುತ್ತಿದೆ, ಬಿಡಿಸುವವರಿಲ್ಲ. ಕುರಿರೊಪ್ಪದ ತಡಿಕೆ ತೆರೆದಿದೆ, ಕುರಿಗಳೆಲ್ಲ ಯಾರದೋ ಸಜ್ಜೆ ಹೊಲದಲ್ಲಿವೆ. ಮನೆಯ ಬಾಗಿಲ ಬೀಗ ಬಾಯಿ ಬಿಟ್ಟುಕೊಂಡು ನೇತಾಡುತ್ತಿದೆ. ಜಗುಲಿಯ ಮೇಲೆ ಮರದ ಪೆಟ್ಟಿಗೆ ಬಾಯಿ ತೆರೆದು ಕೂತಿದೆ. ಹಿರಿಯನೊಬ್ಬ ಬಿಚ್ಚಿದ ರುಮಾಲನ್ನು ಹೆಗಲ ಮೇಲೆ ಹಾಕಿಕೊಂಡು, ಸಡಿಲವಾದ ಪಂಚೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಾನೆ.

"ಕಳ್ಳರು ಬಂದಿದ್ರೇನೇ?" ಎಂದಳು ಗ್ರೇಸ್.

"ಇಲ್ಲ ಕಣೆ, ಒಳಗೆ ನೋವು ಶುರುವಾಗಿದೆ" ಎಂದೆ. ನಮ್ಮ ಊರಿನಲ್ಲೂ ಹೀಗೇ. ಹೆಂಗಸಿಗೆ ಹೆರಿಗೆ ನೋವು ಬಂತೆಂದರೆ ಮನೆಯಲ್ಲಿ ಕಟ್ಟಿದ್ದು, ಮುಚ್ಚಿದ್ದು ಏನೂ ಇರಬಾರದು. ಬೀಗ, ಮುಚ್ಚಳ, ಜಡೆ, ದನದ ಹಗ್ಗ ಎಲ್ಲ ಬಿಚ್ಚಬೇಕು. ಹೊರಗೆ ಗಂಟು ಉಳಿದರೆ ಒಳಗೆ ಕೂಸಿನ ದಾರಿಗೂ ಗಂಟು ಬೀಳುತ್ತದೆ ಎಂದು ನಂಬಿಕೆ. ಕೂಸಿನ ಹಿಂದೆ ಮಾಸು, ಹಳ್ಳಿಯ ಮಾತಿನಲ್ಲಿ ಕಸ, ಬೀಳುವವರೆಗೆ ಯಾವುದನ್ನೂ ಮತ್ತೆ ಕಟ್ಟುವಂತಿಲ್ಲ.

ಒಳಗೆ ಕೆಂಚಮ್ಮ ಕಂಬ ತಬ್ಬಿಕೊಂಡು ಮಂಡಿಯೂರಿದ್ದಳು. ಬಿಚ್ಚಿದ ಕೂದಲು ಬೆವರಿಗೆ ಕೆನ್ನೆಗಂಟಿತ್ತು. ಪಕ್ಕದಲ್ಲಿ ಅವಳ ಅಜ್ಜಿ ಕರಿಯಮ್ಮ. ಬೆಳ್ಳಿಕೂದಲನ್ನು ಬೆನ್ನ ತುಂಬ ಹರವಿಕೊಂಡಿದ್ದಳು. ಕೆಂಚಮ್ಮನಿಗೆ ತಾಯಿಯಿಲ್ಲ, ಸಾಕಿದವಳು ಈ ಅಜ್ಜಿಯೇ. ಹೊರಗೆ ಪಂಚೆ ಹಿಡಿದು ನಿಂತವನು ತಂದೆ.

"ಬರ್ರಿ ತಾಯಿ, ಬರ್ರಿ. ಬೆಳಿಗ್ಗಿಂದ ಬೇನೆ ತಿಂತೈತೆ, ಕೂಸು ಇಳೀವಲ್ದು" ಎಂದಳು ಅಜ್ಜಿ. ಆಮೇಲೆ ನನ್ನ ಕೈ ಹಿಡಿದು ದನಿ ತಗ್ಗಿಸಿದಳು. "ಹೋದ ಸಲದ್ದು ಉಳೀಲಿಲ್ಲ. ಇದೊಂದು ಉಳಿಸ್ಕೊಡ್ರವ್ವ. ಇನ್ನೇನೂ ಕೇಳಲ್ಲ ನಿಮ್ಮನ್ನ."

ನಾನು ಕೆಂಚಮ್ಮನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದೆ. ತಲೆ ಕೆಳಗಿತ್ತು, ಚೆನ್ನಾಗಿ ಇಳಿದಿತ್ತು. ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು ಕಿವಿ ಒತ್ತಿದೆ. ಮಗುವಿನ ಎದೆಬಡಿತ ಗಡಿಯಾರದಂತೆ ಓಡುತ್ತಿತ್ತು. ಆಗ ನೋವು ಬಂತು. ಬಡಿತ ನಿಧಾನವಾಯಿತು. ಇನ್ನೂ ನಿಧಾನವಾಯಿತು. ನೋವು ಹೋದ ಮೇಲೂ ಅದು ತನ್ನ ಓಟಕ್ಕೆ ಮರಳಲು ಬಹಳ ಹೊತ್ತು ತೆಗೆದುಕೊಂಡಿತು. ಒಳಗೆ ಮಗುವಿಗೆ ಏನೋ ಕಷ್ಟವಾಗುತ್ತಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಇಂಥ ಹೆಂಗಸನ್ನು ದೊಡ್ಡಾಸ್ಪತ್ರೆಗೆ ಸಾಗಿಸಬೇಕು ಎಂದು ಪುಸ್ತಕ ಹೇಳುತ್ತದೆ. ಸಾಗಿಸುವುದು ಯಾವುದರಲ್ಲಿ ಎಂದು ಹೇಳುವುದಿಲ್ಲ.

ಗ್ರೇಸ್ ಕಡೆ ನೋಡಿದೆ. ನಾಯಿ ಕಂಡರೆ ನನ್ನ ಬೆನ್ನ ಹಿಂದೆ ಅಡಗುವವಳು ತಟ್ಟನೆ ಎದ್ದಳು. "ಟಾರ್ ರೋಡಿಗೆ ಹೋಗ್ತೀನಿ. ಜೀಪೋ ಲಾರಿಯೋ, ಯಾವುದು ಸಿಕ್ಕಿದರೆ ಅದು" ಎಂದು ಕೆಂಚಮ್ಮನ ತಂದೆಯನ್ನು ಕರೆದುಕೊಂಡು ಓಡಿದಳು. ಪಂಚೆ ಹಿಡಿದುಕೊಂಡೇ ಓಡಿದ ಆತನನ್ನು ಬೇರೆ ಯಾವ ದಿನವಾದರೂ ನೋಡಿ ಬಿದ್ದು ಬಿದ್ದು ನಗುತ್ತಿದ್ದೆ.

ಅಜ್ಜಿ ಈಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡತೊಡಗಿದಳು. "ನಿನ್ ಮೈಮ್ಯಾಲೆ ಗಂಟು ಬಾಳ ಅವೆ ಕಣವ್ವ. ಬಿಚ್ಚು."

"ನಾನು ಕೂದಲು ಬಿಡೋ ಹಂಗಿಲ್ಲ ಅಜ್ಜಿ. ಕೂಸಿಗೆ ನಂಜಾಗ್ತದೆ."

"ಬಿಚ್ಚು ಅಂದೆ."

ವಾದಕ್ಕೆ ಹೊತ್ತಿರಲಿಲ್ಲ. ಲೇಸು ಬಿಚ್ಚಿ ಬೂಟನ್ನು ಹೊರಗಿಟ್ಟೆ. ಏಪ್ರನ್ನಿನ ಲಾಡಿ ಬಿಚ್ಚಿದೆ. ಜಡೆ ಬಿಚ್ಚಿ, ಬಿಚ್ಚಿದ ಕೂದಲನ್ನೇ ಸುತ್ತಿ ಟೋಪಿಯೊಳಗೆ ತುರುಕಿ ಪಿನ್ನು ಚುಚ್ಚಿದೆ. ಸಿಟ್ಟಿನಲ್ಲಿ, "ಇವಳ ತಾಳಿ? ಅದೂ ಗಂಟೇ ಅಲ್ವಾ?" ಎಂದುಬಿಟ್ಟೆ. ಅಜ್ಜಿ ನನ್ನನ್ನು ಎಳೆಮಗುವನ್ನು ನೋಡುವ ಹಾಗೆ ನೋಡಿದಳು. "ತಾಳಿ ಗಂಟಲ್ಲ. ಬಿಡು" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ನಾನು ಅಂಗಳಕ್ಕೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ಕೈ ಉಜ್ಜಿ ತೊಳೆದೆ. ಕೈ ಎತ್ತಿ ಹಿಡಿದುಕೊಂಡು ಒಳಗೆ ಬಂದೆ. ನಮ್ಮ ಹೆರಿಗೆಯ ಗಂಟು, ಅಂದರೆ ಆವಿಯಲ್ಲಿ ಬೇಯಿಸಿ ಬಟ್ಟೆಯಲ್ಲಿ ಸುತ್ತಿ ಲಾಡಿ ಕಟ್ಟಿ ತಂದ ಸಾಮಾನು, ಕೈ ತೊಳೆದ ಮೇಲಷ್ಟೇ ಮುಟ್ಟಬೇಕಾದದ್ದು, ಪೂರ್ತಿ ಬಿಚ್ಚಿಕೊಂಡು ಬಿದ್ದಿತ್ತು. ಇಕ್ಕಳ, ಕತ್ತರಿ, ಹೊಕ್ಕುಳಬಳ್ಳಿ ಕಟ್ಟುವ ದಾರ, ಹತ್ತಿ, ಎಲ್ಲ ಹಳೆಯ ಕಂಬಳಿಯ ಮೇಲೆ ಹರಡಿತ್ತು. ಅಜ್ಜಿ ನಡುವೆ ಕೂತಿದ್ದಳು.

"ಎಲ್ಲಾ ಬಿಚ್ಚೀನಿ ಕಣವ್ವ. ಒಂದೂ ಉಳ್ಸಿಲ್ಲ" ಎಂದಳು, ದೊಡ್ಡ ಕೆಲಸ ಮುಗಿಸಿದ ಸಮಾಧಾನದಲ್ಲಿ.

"ಯಾರು ಮುಟ್ಟು ಅಂದ್ರು ನಿಮಗೆ? ಯಾರು ಹೇಳಿದ್ರು?" ಎಂದು ಕಿರುಚಿದೆ. ಅಷ್ಟು ಜೋರಾಗಿ ನಾನು ಹಿರಿಯರ ಮುಂದೆ ಹಿಂದೆಂದೂ ಕೂಗಿರಲಿಲ್ಲ.

ಅಜ್ಜಿಯ ಮುಖ ಇಳಿದುಹೋಯಿತು. "ಹೋದ ಸಲ ಒಂದು ಮರ್ತಿದ್ನವ್ವ" ಎಂದಳು. "ಹಿತ್ಲಾಗೆ ಕರ ಕಟ್ಟಿದ್ರು. ನಂಗೆ ನೆಪ್ಪಾಗಲಿಲ್ಲ. ಕೂಸು ಹೋದ ಮ್ಯಾಲೆ ಹಿತ್ಲಿಗೆ ಹೋಗ್ತೀನಿ, ಕರ ಗೂಟದಾಗೈತೆ. ನನ್ ಕೈಯಾರೆ ಆಗೋಯ್ತಲ್ಲವ್ವ. ಅದ್ಕೇ ಈ ಸಲ ಎಲ್ಲಾ ಬಿಚ್ಚಿದೆ."

ಆ ಮುದುಕಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದೆಲ್ಲಿ, ಅಪ್ಪಿಕೊಳ್ಳುವುದೆಲ್ಲಿ! ಕೈ ಎರಡೂ ಮೇಲಿದ್ದವು, ಯಾವುದನ್ನೂ ಮುಟ್ಟುವಂತಿರಲಿಲ್ಲ. "ಒಲೆ ಹಚ್ಚಜ್ಜಿ" ಎಂದೆ. "ಇವನ್ನೆಲ್ಲ ನೀರಿಗೆ ಹಾಕಿ ಕುದಿಸಬೇಕು. ಬೇಗ."

ಅವಳು ತಪ್ಪಲೆಗೆ ನೀರು ಸುರಿದು, ಇಕ್ಕಳ ಕತ್ತರಿ ದಾರ ಹಾಕಿ ಒಲೆಯ ಮೇಲಿಟ್ಟಳು. ಜಾಲಿ ಸೌದೆ. ಊದುಗೊಳವೆಯಲ್ಲಿ ಊದಿದಳು, ಕೆಮ್ಮಿದಳು, ಮತ್ತೆ ಊದಿದಳು. ನಾನು ಕೆಂಚಮ್ಮನ ಬಳಿ ಕೂತು ಒಂದು ಕಣ್ಣು ಅವಳ ಮೇಲೆ, ಇನ್ನೊಂದು ತಪ್ಪಲೆಯ ಮೇಲೆ ಇಟ್ಟಿದ್ದೆ. ನೀರು ಕುದಿಯುವುದು ಅಷ್ಟು ತಡ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. "ತಿಣುಕಬೇಡ ಕೆಂಚಮ್ಮ, ಬಾಯಲ್ಲಿ ಉಸಿರು ಬಿಡು" ಎನ್ನುತ್ತಿದ್ದೆ. "ತಡಿಯಾಕಾಗಲ್ಲಕ್ಕ" ಎಂದು ಅವಳು ಅಳುತ್ತಿದ್ದಳು. ಅವಳು ನನಗಿಂತ ದೊಡ್ಡವಳೇನಲ್ಲ, ಆದರೂ ಅಕ್ಕ ಎಂದಳು. ನೋವಿನ ಮೇಲೆ ನೋವು ಬಂತು. ನೀರಿನ ತಳದಲ್ಲಿ ಗುಳ್ಳೆ ಎದ್ದವು. ತಪ್ಪಲೆಯೊಳಗೆ ಇಕ್ಕಳ ಕಟಕಟ ಸದ್ದು ಮಾಡತೊಡಗಿತು. ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕುದಿಯಲಿಲ್ಲ. ತಲೆ ಕಾಣಿಸಿತು.

ತಲೆ ಹೊರಗೆ ಬಂತು. ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಪಾಠದಂತೆ ಕೊರಳ ಬಳಿ ಬೆರಳು ತೂರಿಸಿ ನೋಡಿದೆ. ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ತಿಕೊಂಡಿತ್ತು. ಸಡಿಲವಿದ್ದರೆ ತಲೆಯ ಮೇಲಿಂದ ಜಾರಿಸಬಹುದು. ಇದು ಬಿಗಿದಿತ್ತು. ಬೆರಳು ಅಡಿಗೆ ಹೋಗಲೂ ಜಾಗವಿರಲಿಲ್ಲ. ಎದೆಬಡಿತ ನಿಧಾನವಾಗುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು.

ಅಜ್ಜಿ ಬಗ್ಗಿ ನೋಡಿದಳು. "ಕೊಳ್ಳಿಗೇ ಗಂಟು ಬಿದ್ದೈತೆ! ಅಯ್ಯೋ ನನ್ನವ್ವ, ಎಲ್ಲೋ ಒಂದು ಉಳ್ಕಂಡೈತೆ! ಇನ್ನೂ ಒಂದು ಉಳ್ಕಂಡೈತೆ!" ಎಂದು ಮನೆಯ ಸುತ್ತ ಕಣ್ಣಾಡಿಸಿದಳು. ಆಮೇಲೆ ನನ್ನ ಕಡೆ ನೋಡಿದಳು.

ಸೊಂಟದಲ್ಲಿ ಅವ್ವ ಕಟ್ಟಿದ ಕರಿದಾರವಿತ್ತು. ಮೈಗೆ ಅಂಟಿಕೊಂಡಿದ್ದು ನೆನಪಿಗೆ ಬಂದಿರಲೇ ಇಲ್ಲ. ನಾಲ್ಕು ವರ್ಷ ಓದಿದವಳು ನಾನು, ಬಳ್ಳಿ ಯಾಕೆ ಸುತ್ತಿಕೊಳ್ಳುತ್ತದೆ ಎಂದು ಚಿತ್ರ ಬರೆದು ವಿವರಿಸಿ ಮಾರ್ಕು ತೆಗೆದವಳು. ಆದರೂ ಆ ಒಂದು ಕ್ಷಣ, ಈ ಕೂಸನ್ನು ಕೊಲ್ಲುತ್ತಿರುವುದು ನನ್ನ ಸೊಂಟದ ಗಂಟು ಎಂದೇ ನಂಬಿದೆ. ಹೆದರಿಕೆಗೆ ಡಿಗ್ರಿ ಗೊತ್ತಾಗುವುದಿಲ್ಲ.

"ನೀರು ಬಸಿದು ತಪ್ಪಲೆ ಇತ್ತ ತಾ ಅಜ್ಜಿ" ಎಂದೆ. ಅವಳು ತಂದಳು. ಸುಡುಸುಡುವ ಇಕ್ಕಳ ಎರಡನ್ನೂ ಎತ್ತಿಕೊಂಡೆ. ಬೆರಳು ಸುಟ್ಟಿದ್ದು ತಿಳಿಯಲಿಲ್ಲ. ಬಳ್ಳಿಗೆ ಇಕ್ಕಳ ಒಡ್ಡುವಷ್ಟರಲ್ಲಿ ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಏನು ಹಿಡಿತ ಅದು!

"ಕಸ ಬೀಳಾಗಂಟ ಕಟ್ಟಂಗಿಲ್ಲ! ಕೊಯ್ಯಂಗಿಲ್ಲ!"

"ನಾನು ಕಟ್ತಿಲ್ಲಜ್ಜಿ. ಇದು ಇಕ್ಕಳ. ಗಂಟಲ್ಲ. ತಾಳಿ ಗಂಟಲ್ಲ ಅಂದ್ಯಲ್ಲ, ಹಂಗೆ."

"ಕೊಯ್ಯದು?"

"ಕೊಳ್ಳಿನ ಗಂಟು ಬಿಚ್ಚಬೇಕಲ್ಲ ಅಜ್ಜಿ! ಎಲ್ಲಾ ಬಿಚ್ಚಿದ್ಯಲ್ಲ, ಇದೊಂದು ಉಳಿದೈತೆ ನೋಡು. ಕೊಯ್ದೇ ಬಿಚ್ಚಬೇಕು. ಕೈ ಬಿಡು!"

ಅವಳು ನನ್ನ ಕಣ್ಣು ನೋಡಿದಳು. ಕೈ ಬಿಟ್ಟಳು.

ಒಂದು ಇಕ್ಕಳ ಇತ್ತ, ಒಂದು ಅತ್ತ, ನಡುವೆ ಕತ್ತರಿ. ಬಳ್ಳಿ ತುಂಡಾಯಿತು. ಸುತ್ತು ಬಿಚ್ಚಿದೆ. "ಈಗ ತಿಣುಕು ಕೆಂಚಮ್ಮ!" ಎಂದೆ. ಭುಜ ಬಂತು, ಮಗು ಪೂರ್ತಿ ನನ್ನ ಕೈಗೆ ಬಂತು. ಹೆಣ್ಣು. ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಬಾಯಿಯ ಲೋಳೆ ತೆಗೆದೆ, ಬೆನ್ನು ಉಜ್ಜಿದೆ, ಅಂಗಾಲಿಗೆ ಬಡಿದೆ. ಏನಿಲ್ಲ. ಮತ್ತೆ ಉಜ್ಜಿದೆ. ಕೆಂಚಮ್ಮ ತಲೆಯೆತ್ತಿ, "ಯಾಕೆ ಅಳ್ತಿಲ್ಲ? ಅಕ್ಕಾ, ಯಾಕೆ ಅಳ್ತಿಲ್ಲ?" ಎನ್ನುತ್ತಿದ್ದಳು. ಹೊರಗೆ ಕುರಿಯೊಂದು ಅರಚಿತು. ಅಷ್ಟೇ ಸದ್ದು.

ಆಮೇಲೆ ಮಗು ಸೀನಿತು.

ಒಂದೇ ಸೀನು. ಅಜ್ಜಿ ಉಸಿರು ಎಳೆದುಕೊಂಡು, "ಒಂಟಿ ಸೀನು ಬ್ಯಾಡ ನನ್ನವ್ವ, ಇನ್ನೊಂದು ಸೀನು, ಇನ್ನೊಂದು" ಎಂದು ಕೈಮುಗಿದು ಗೋಗರೆದಳು. ಕೂಸು ಹಿರಿಯರ ಮಾತು ಮೀರಲಿಲ್ಲ. ಇನ್ನೊಂದು ಸೀನಿ, ಮುಖ ಕಿವುಚಿ, ಬಾಯಿ ಅಗಲಿಸಿ ಅಳತೊಡಗಿತು. ನಾನು, ಅಜ್ಜಿ, ಕೆಂಚಮ್ಮ ಮೂವರೂ ಅದರ ಜೊತೆ ಅತ್ತೆವು.

ಹೊಕ್ಕುಳಲ್ಲಿ ಇಕ್ಕಳ ತೂಗಾಡಿಸಿಕೊಂಡೇ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಎದೆಗಿಟ್ಟೆ. ಸ್ವಲ್ಪ ಹೊತ್ತಿಗೆ ಮಾಸು ಬಂತು. ಅಜ್ಜಿ ಅದನ್ನು ಬಗ್ಗಿ ನೋಡಿ, ಎರಡು ಕೈಯನ್ನೂ ಮಂಡಿಗೆ ಊರಿ ದೊಡ್ಡದಾಗಿ ಉಸಿರು ಬಿಟ್ಟಳು.

"ಕಸ ಬಿತ್ತು. ಈಗ ಕಟ್ಟವ್ವ. ಗಟ್ಟಿಯಾಗಿ ಕಟ್ಟು."

ಮಗ್ಗದ ಕೆಳಗೆ ಬೆಳೆದ ಬೆರಳು, ಕಾಲೇಜಿಗೆಲ್ಲ ಮಾದರಿಯಾದ ಬೆರಳು, ಗಡಗಡ ನಡುಗುತ್ತಿತ್ತು. ಹೇಗೋ ಕಟ್ಟಿದೆ. ಪಕ್ಕದಲ್ಲೇ ಇನ್ನೊಂದು ಕಟ್ಟಿದೆ. ಇಕ್ಕಳ ತೆಗೆದೆ.

ಜೀಪು ಬಂದಿದ್ದು ಆಗ. ಗ್ರೇಸ್ ಅಳುಮುಖ ಮಾಡಿಕೊಂಡು ಇಳಿದಳು. ಹಿಂದೆಯೇ ಬೂಟಿನ ಸದ್ದು. ಟ್ಯೂಟರ್ ತಾಯಿಯನ್ನು ನೋಡಿದರು, ಮಗುವನ್ನು ನೋಡಿದರು, ಮಾಸನ್ನು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಟೋಪಿ ಯಾವಾಗಲೋ ಜಾರಿ ಕೂದಲೆಲ್ಲ ಹೆಗಲ ಮೇಲಿತ್ತು. ಕಾಲಲ್ಲಿ ಬೂಟಿಲ್ಲ. ಏಪ್ರನ್ನಿನ ಲಾಡಿ ನೆಲ ಗುಡಿಸುತ್ತಿದೆ. "ಇದೆಂತ ಅವತಾರ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಜೀಪಿನಲ್ಲಿ ಹೇಳು" ಎಂದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅಂಗಳದಲ್ಲಿ ಅಜ್ಜಿ ಮನೆಯನ್ನು ಮತ್ತೆ ಕಟ್ಟುತ್ತಿದ್ದಳು. ಪೆಟ್ಟಿಗೆ ಮುಚ್ಚಿದಳು, ಬೀಗ ಒತ್ತಿದಳು, ಹೊಟ್ಟೆ ಬಿರಿಯುವಂತೆ ಕುಡಿದಿದ್ದ ಕರುವನ್ನು ಎಳೆದು ಗೂಟಕ್ಕೆ ಕಟ್ಟಿದಳು. ಆಮೇಲೆ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, "ಕುಂತ್ಕ, ಹಿಂಗೇ ಹೋಗಬಾರ್ದು" ಎಂದು ಹರಳೆಣ್ಣೆ ಹಚ್ಚಿ ಜಡೆ ಹಾಕಿ ತುದಿಗೆ ಉಣ್ಣೆಯ ದಾರ ಕಟ್ಟಿದಳು. ಟ್ಯೂಟರ್ ಜೀಪಿನ ಪಕ್ಕ ನಿಂತು ಕಾದರು. ಅವರು ಯಾರಿಗಾಗಿಯೂ ಕಾದಿದ್ದನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ.

ಜೀಪು ಟಾರ್ ರೋಡಿಗೆ ಹತ್ತಿತು. ಆಗ ಶುರುವಾಯಿತು ನನಗೆ. ಎರಡನೆಯ ಗಂಟಿನ ಎರಡನೆಯ ಎಳೆತ ಎಳೆದೆನೇ? ಕೈ ನಡುಗುತ್ತಿತ್ತಲ್ಲ, ಜಾರುವ ಗಂಟು ಬಿತ್ತೇ? ಬಟ್ಟೆಯೊಳಗೆ ಬೆಚ್ಚಗೆ ಮಲಗಿರುವ ಕೂಸು ಕಣ್ಣ ಮುಂದೆ ಬಂತು. ಅಜ್ಜಿ ಹತ್ತಿರ ಕೂತು, ನಿದ್ದೆ ಮಾಡುತ್ತಿದೆ ಎಂದುಕೊಂಡು ನೋಡುತ್ತಿದ್ದಾಳೆ.

"ಜೀಪು ನಿಲ್ಸಿ" ಎಂದೆ. "ನಾನು ಗಂಟು ನೋಡಬೇಕು."

ಡ್ರೈವರು ಗೊಣಗಿದ. ಟ್ಯೂಟರ್ ನನ್ನ ಮುಖ ನೋಡಿ, "ತಿರುಗಿಸಪ್ಪ" ಎಂದರು.

ಹಟ್ಟಿಗೆ ಓಡಿದೆ. ಅಜ್ಜಿ ಗಾಬರಿಯಿಂದ ಎದ್ದಳು. ಬಟ್ಟೆ ಬಿಡಿಸಿದೆ. ಹೊಕ್ಕುಳಲ್ಲಿ ರಕ್ತದ ಹನಿಯೂ ಇರಲಿಲ್ಲ. ಗಂಟು ಎರಡೂ ಕಲ್ಲಿನಂತೆ ಕೂತಿದ್ದವು. ಬೆರಳಿನಿಂದ ಮುಟ್ಟಿದೆ, ಮತ್ತೆ ಮುಟ್ಟಿದೆ. ಎದ್ದು ಹೊರಡುವಾಗ ಅಜ್ಜಿಯ ಕೈ ಹಿಡಿದೆ. "ಅಜ್ಜಿ, ಹೋದ ಸಲದ್ದು ಕರುವಿನ ಗಂಟಿನಿಂದ ಅಲ್ಲ. ಒಳಗಿನ ಬಳ್ಳಿ ಎಷ್ಟೋ ಸಲ ತಾನಾಗೇ ಸುತ್ಕೊಳ್ತದೆ. ನಿನ್ನ ತಪ್ಪೇನೂ ಇಲ್ಲ."

ಅಜ್ಜಿ ನನ್ನ ಕೆನ್ನೆ ಸವರಿದಳು. "ಹಂಗಂತೀಯಾ?" ಎಂದಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. "ಮತ್ತೆ ನೀನ್ಯಾಕೆ ಓಡಿ ಬಂದೆ, ತಾಯಿ?"

ನಾನು ಜೀಪಿನ ಕಡೆ ನಡೆದೆ.

ಜೀಪಿನಲ್ಲಿ ಟ್ಯೂಟರ್, "ಗಂಟು ಸರಿಯಿತ್ತು. ನಾನು ಮೊದಲೇ ನೋಡಿದ್ದೆ" ಎಂದರು.

"ಮತ್ತೆ ಯಾಕೆ ವಾಪಸ್ ಹೋಗಲು ಬಿಟ್ಟಿರಿ, ಸಿಸ್ಟರ್?"

"ನಾನು ನೋಡಿದ್ದು ನಿನಗೆ ಸಾಲುತ್ತಿರಲಿಲ್ಲ, ಅದಕ್ಕೆ."

ಕೂದಲಿನ ಮಾತು ಅವರು ಎತ್ತಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಬಬ್ಬೂರಿನ ಮನೆಗೆ ಬಂದವಳೇ ನಾನು ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಸೊಂಟದ ದಾರ ಬಿಚ್ಚಲು ನೋಡಿದೆ. ಉಗುರು ಮುರಿಯಿತು. ಅವ್ವನ ಗಂಟು ಮಿಸುಕಲಿಲ್ಲ.

ಆಮೇಲೆ ಎಷ್ಟೋ ಮಕ್ಕಳನ್ನು ಈ ಕೈ ಹಿಡಿಯಿತು. ಡಿಗ್ರಿ ಬಂತು, ಕೆಲಸ ಬಂತು, ಬಡ್ತಿ ಬಂತು, ನಿವೃತ್ತಿಯೂ ಬಂತು. ಗಂಟು ಬಿಚ್ಚಿದರೆ ಹೆರಿಗೆ ಸುಲಭವಾಗುವುದಿಲ್ಲ, ಬೇಕಾದಷ್ಟು ಬೀಗ ಹಾಕಿಕೊಂಡು ಹೆರಬಹುದು ಎಂದು ಎಷ್ಟೋ ಹುಡುಗಿಯರಿಗೆ ಪಾಠ ಹೇಳಿದೆ. ಆದಿವಾಲದ ಕಥೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಈಗ ಹೊಕ್ಕುಳಬಳ್ಳಿಗೆ ದಾರವನ್ನೇ ಕಟ್ಟುವುದಿಲ್ಲ, ಪ್ಲಾಸ್ಟಿಕ್ಕಿನ ಕ್ಲಿಪ್ಪು ಹಾಕುತ್ತಾರೆ. ಕಟ್ಟಿ ಕಟ್ಟಿ ಅಭ್ಯಾಸವಾದ ಕೈಗೆ ಕೆಲಸವಿಲ್ಲ. ಅದಕ್ಕೇ ಉಪ್ಪಿನಕಾಯಿ ಜಾಡಿ, ಬೂಟಿನ ಲೇಸು.

ಬೂಟು ಬಿಚ್ಚಲಾರದೆ ಕಾಲು ಬಡಿದಳಲ್ಲ ಈ ಮೊಮ್ಮಗಳು, ಇವಳು ಹುಟ್ಟಿದ ದಿನದ ಸಂಗತಿ ಒಂದನ್ನು ಹೇಳಿ ನಿಲ್ಲಿಸುತ್ತೇನೆ. ದೊಡ್ಡ ಆಸ್ಪತ್ರೆ, ಒಳ್ಳೆಯ ಡಾಕ್ಟರು. ನಾನು ಹೊರಗೆ ಬೆಂಚಿನ ಮೇಲೆ. ಒಳಗೆ ಬಾ ಎಂದಿದ್ದರು, ಮಗಳ ನೋವು ನೋಡಲಾರೆ ಎಂದು ಹೋಗಲಿಲ್ಲ. ನರ್ಸೊಬ್ಬಳು ಬಾಗಿಲಿಗೆ ಬಂದು, "ಬೇಬಿ ಹಾರ್ಟ್‌ಬೀಟ್ ಸ್ವಲ್ಪ ಕಡಿಮೆ ಆಗ್ತಿದೆ ಆಂಟಿ, ನೋಡ್ತಿದ್ದೀವಿ" ಎಂದು ಹೇಳಿ ಒಳಗೆ ಹೋದಳು. ಆಮೇಲೆ ನಾನೇನು ಮಾಡಿದೆ ಎಂಬುದು ನನಗೆ ಸರಿಯಾಗಿ ನೆನಪಿಲ್ಲ.

ಅಳಿಯ ಓಡಿ ಬಂದಿದ್ದು ನೆನಪಿದೆ. "ಅತ್ತೆ, ಹೆಣ್ಣುಮಗು! ಇಬ್ಬರೂ ಚೆನ್ನಾಗಿದ್ದಾರೆ" ಎಂದವನು ಹಾಗೇ ನಿಂತುಬಿಟ್ಟ. ನನ್ನ ಜಡೆ ಬಿಚ್ಚಿತ್ತು. ಚೀಲದ ಜಿಪ್ಪು ತೆರೆದಿತ್ತು, ಫ್ಲಾಸ್ಕಿನ ಮುಚ್ಚಳ, ಮಾತ್ರೆಯ ಡಬ್ಬಿಯ ಮುಚ್ಚಳ ಎಲ್ಲ ಬೆಂಚಿನ ಮೇಲಿದ್ದವು. ಬೆಳಿಗ್ಗೆ ನಾನೇ ಬಿಗಿಯಾಗಿ ಕಟ್ಟಿದ್ದ ಬುತ್ತಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದೆ.

"ಏನಾಯ್ತು ಅತ್ತೆ? ಹಸಿವಾಯ್ತಾ?" ಎಂದ.

"ಇಲ್ಲಪ್ಪ" ಎಂದೆ. ಬುತ್ತಿಯನ್ನು ತೊಡೆಯ ಮೇಲಿಟ್ಟೆ. "ಮಾಸು ಬಂತಂತಾ? ಒಂದು ಸಲ ಒಳಗೆ ಕೇಳಿಕೊಂಡು ಬಾ. ಬಂದಿದ್ದರೆ, ಇನ್ನು ಜಡೆ ಹಾಕ್ಕೊಳ್ತೀನಿ."